ಹಳೆ ಸೆಟ್‌ಗೆ ಕ್ರಿಸ್ಟಲ್ ಮಾಡಿಸುವ ಮುಂಚೆ
ಹಳೆ ಟೂ-ವೇ ರೇಡಿಯೋ ಸೆಟ್ಟನ್ನು ಹ್ಯಾಮ್ ಬ್ಯಾಂಡಿಗೆ (ಹವ್ಯಾಸಿ ರೇಡಿಯೋದವರ ಫ್ರೀಕ್ವೆನ್ಸಿಗೆ) ತರುವವರು ಕ್ರಿಸ್ಟಲ್‌ಗೆ, ಅಂದರೆ ಸೆಟ್ಟಿನ ಫ್ರೀಕ್ವೆನ್ಸಿ ನಿರ್ಧರಿಸುವ ಸ್ಫಟಿಕದ ಬಿಡಿಭಾಗಕ್ಕೆ, ಆರ್ಡರ್ ಕೊಡುವಾಗ ಬೆಲೆ ಆಮೇಲೆ ನೋಡಿ. ಮೊದಲು ಕ್ರಿಸ್ಟಲ್ ಮಾಡಿಕೊಡುವವರು ನಿಮ್ಮನ್ನು ಏನು ಕೇಳುತ್ತಾರೆ ಅಂತ ನೋಡಿ. ಸೆಟ್ಟಿನ ಮಾಡೆಲ್ ಯಾವುದು, ಲೋಡ್ ಕೆಪ್ಯಾಸಿಟೆನ್ಸ್ (ಕ್ರಿಸ್ಟಲ್‌ಗೆ ಸೆಟ್ಟಿನ ಸರ್ಕ್ಯೂಟ್ ಕೊಡುವ ಕೆಪ್ಯಾಸಿಟೆನ್ಸ್) ಎಷ್ಟು, ಫಂಡಮೆಂಟಲ್ಲಾ (ಮೂಲ ಕಂಪನದ್ದಾ) ಓವರ್‌ಟೋನಾ (ಅದಕ್ಕಿಂತ ಮೇಲಿನ ಪಟ್ಟಿನ ಕಂಪನದ್ದಾ) ಅಂತ ಏನೂ ಕೇಳದೆ ಸುಮ್ನೆ ಫ್ರೀಕ್ವೆನ್ಸಿ ಮಾತ್ರ ಬರೆದುಕೊಳ್ಳುವವರ ಹತ್ತಿರ ಹೋಗಲೇಬೇಡಿ. ನಾನು ಒಮ್ಮೆ ಹಾಗೆ ತರಿಸಿದ್ದು, ಟ್ರಿಮ್ಮರ್ (ಫ್ರೀಕ್ವೆನ್ಸಿ ಚೂರು ಆಚೀಚೆ ಮಾಡುವ ತಿರುಪು) ಎಷ್ಟು ತಿರುಗಿಸಿದರೂ ಫ್ರೀಕ್ವೆನ್ಸಿಗೆ ಬರಲೇ ಇಲ್ಲ. ಸೆಟ್ಟೊಳಗೆ ಕ್ರಿಸ್ಟಲ್ ಫ್ರೀಕ್ವೆನ್ಸಿ ಗುಣಿಸಿಕೊಂಡು ಹೋಗುತ್ತೆ ಅಲ್ವಾ, 12.125 ಮೆಗಾಹರ್ಟ್ಸ್ ಕ್ರಿಸ್ಟಲ್ 12 ಪಟ್ಟಾಗಿ 145.5 ಆಗುವ ಕಡೆ, ಬುಡದಲ್ಲಿ 100 ಹರ್ಟ್ಸ್ ತಪ್ಪಿದರೆ ಆಂಟೆನಾದಲ್ಲಿ 1.2 ಕಿಲೋಹರ್ಟ್ಸ್ ತಪ್ಪಿರುತ್ತದೆ. ಹೋಲ್ಡರ್ (ಕ್ರಿಸ್ಟಲ್‌ನ ಹೊರಕವಚ) ಯಾವುದು ಅಂತ ಕೂಡ ಹೇಳಿ: ಎಚ್‌ಸಿ-25 ಸಾಕೆಟ್‌ಗೆ ಕೂರುತ್ತದೆ, ಎಚ್‌ಸಿ-18 ತಂತಿ ಕಾಲಿನದು, ಬೆಸುಗೆ ಹಾಕಬೇಕು. ಟೆಂಪರೇಚರ್ ಕಾಂಪನ್ಸೇಷನ್ (ಬಿಸಿ-ತಂಪಿಗೆ ಫ್ರೀಕ್ವೆನ್ಸಿ ಜಾರದಂತೆ ಸರಿದೂಗಿಸುವ ವ್ಯವಸ್ಥೆ) ಇರುವ ಚಾನೆಲ್ ಎಲಿಮೆಂಟ್ (ಕ್ರಿಸ್ಟಲ್ ಒಳಗಿರುವ ಚಿಕ್ಕ ಡಬ್ಬಿ) ಆದರೆ ಎಲಿಮೆಂಟನ್ನೇ ಕಳಿಸಿ, ಖರ್ಚು ಜಾಸ್ತಿ ಆದರೂ ಅವರೇ ಕೂರಿಸಿ ಸರಿ ಮಾಡಿ ಕೊಡಲಿ.