ಜಪಾನ್‌ಗೆ ಕಂಪ್ಯೂಟರ್ ಒಯ್ಯುವ ಮುನ್ನ ಲೇಬಲ್ ಓದಿ

ನಮ್ಮ ಮನೆಗಳಿಗೆ ಬರುವ ಕರೆಂಟ್ 230 ವೋಲ್ಟ್. ಜಪಾನ್‌ನಲ್ಲಿ ಬರೀ 100. ಕೆಲಸಕ್ಕೋ ಓದಿಗೋ ಅಲ್ಲಿಗೆ ಹೊರಟವರು ಕಂಪ್ಯೂಟರ್ ಪ್ಯಾಕ್ ಮಾಡುವ ಮೊದಲು ಅದರ ಮೇಲಿನ ಸಣ್ಣಕ್ಷರಗಳನ್ನು ಓದಲೇಬೇಕು.

ಮೊದಲು ಲ್ಯಾಪ್‌ಟಾಪ್ ಚಾರ್ಜರ್ ತಿರುಗಿಸಿ ನೋಡಿ. ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಚಿಂತೆಯಿಲ್ಲ, ಟ್ರಾನ್ಸ್‌ಫಾರ್ಮರ್ ಬೇಡ. ಡೆಸ್ಕ್‌ಟಾಪ್ ಆದರೆ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರ್‌ಗೆ ಕರೆಂಟ್ ಒದಗಿಸುವ ಪೆಟ್ಟಿಗೆಯ ಲೇಬಲ್ ನೋಡಿ. 200–240 ಅಂತ ಮಾತ್ರ ಇದ್ದರೆ ಅದು ಅಲ್ಲಿ ನಡೆಯುವುದಿಲ್ಲ. ಹಳೆಯ ಎಸ್‌ಎಂಪಿಎಸ್ ಹಿಂದೆ 115/230 ಎಂಬ ಕೆಂಪು ಸ್ವಿಚ್ ಇರುತ್ತದೆ. ಪ್ಲಗ್ ಕಿತ್ತ ಮೇಲೆ ಅದನ್ನು 115ಕ್ಕೆ ಸರಿಸಿ. ಊರಿಗೆ ಮರಳಿದಾಗ ಮತ್ತೆ 230ಕ್ಕೆ ತರುವುದು ಇನ್ನೂ ಮುಖ್ಯ. ಮರೆತು ಇಲ್ಲಿನ ಸಾಕೆಟ್‌ಗೆ ಹಾಕಿದರೆ ಎಸ್‌ಎಂಪಿಎಸ್ ಸುಟ್ಟೇ ಹೋಗುತ್ತದೆ. ಇಲ್ಲಿನ ಯುಪಿಎಸ್, ಸ್ಟೆಬಿಲೈಸರ್ ಇಲ್ಲೇ ಇರಲಿ.

ಕರೆಂಟ್ ಸೆಕೆಂಡಿಗೆ ಎಷ್ಟು ಆವರ್ತ ಸುತ್ತುತ್ತದೆ ಎಂಬ ಲೆಕ್ಕವೇ ಹರ್ಟ್ಸ್. ಅದು ಟೋಕಿಯೊದಲ್ಲಿ 50, ಒಸಾಕಾದಲ್ಲಿ 60. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಟೋಕಿಯೊ ಜರ್ಮನಿಯಿಂದ, ಒಸಾಕಾ ಅಮೆರಿಕದಿಂದ ಜನರೇಟರ್ ತರಿಸಿದ್ದೇ ಇದಕ್ಕೆ ಕಾರಣ. ಕಂಪ್ಯೂಟರ್‌ಗೆ ಇದರಿಂದ ತೊಂದರೆ ಇಲ್ಲ. ಎಸ್‌ಎಂಪಿಎಸ್ ಹೇಗೂ ಎಸಿಯನ್ನು ಡಿಸಿ ಮಾಡಿಬಿಡುತ್ತದೆ.

ಅಲ್ಲಿನ ಸಾಕೆಟ್‌ಗೆ ಎರಡು ಚಪ್ಪಟೆ ಪಿನ್. ಕಂಡಕಂಡ ಅಡಾಪ್ಟರ್ ಜೋಡಿಸುವ ಬದಲು ಪವರ್ ಕಾರ್ಡನ್ನೇ ಅಲ್ಲಿ ಹೊಸದು ಕೊಳ್ಳಿ. ಡೆಸ್ಕ್‌ಟಾಪ್‌ಗೆ ಚುಚ್ಚುವ ತುದಿ ಎಲ್ಲ ದೇಶದಲ್ಲೂ ಒಂದೇ. ಕಾರ್ಡಿನಲ್ಲಿ ಹಸಿರು ಅರ್ಥ್ ವೈರ್ ಇದ್ದರೆ ಗೋಡೆಯ ಅರ್ಥ್ ಸ್ಕ್ರೂಗೆ ಕಟ್ಟಿ.

ಕರೆಂಟಿನ ಸಮಸ್ಯೆ ಇಷ್ಟಕ್ಕೆ ಮುಗಿಯಿತು. ಜಾಸ್ತಿ ಜನ ಗಮನಿಸದೇ ಇರುವುದು ವೈಫೈ ಕಾನೂನು. ಜಪಾನ್‌ನಲ್ಲಿ ರೇಡಿಯೊ ಅಲೆ ಹೊರಡಿಸುವ ಉಪಕರಣಕ್ಕೆ ‘ಗಿಟೆಕಿ’ ಗುರುತು ಬೇಕು. ವೃತ್ತದೊಳಗೆ ಮಿಂಚಿನಂಥ ಚಿಹ್ನೆ, ಪಕ್ಕದಲ್ಲಿ ನಂಬರ್. ಲ್ಯಾಪ್‌ಟಾಪ್‌ನ ತಳದಲ್ಲಿ, ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಗುರುತಿಲ್ಲದಿದ್ದರೂ ಅಮೆರಿಕದ ಎಫ್‌ಸಿಸಿ ಅಥವಾ ಯುರೋಪಿನ ಸಿಇ ಗುರುತಿರುವ ವೈಫೈ ಸಾಧನವನ್ನು ಪ್ರವಾಸಿಗರು ದೇಶಕ್ಕೆ ಬಂದ ದಿನದಿಂದ 90 ದಿನ ಬಳಸಬಹುದು. ಅಲ್ಲೇ ನೆಲೆಸುವವರಿಗೆ ಈ ವಿನಾಯಿತಿ ಸಾಲುವುದಿಲ್ಲ, ಅಲ್ವಾ? ನಿಯಮ ಮುರಿದರೆ ಒಂದು ವರ್ಷದವರೆಗೆ ಜೈಲು ಅಥವಾ 10 ಲಕ್ಷ ಯೆನ್‌ವರೆಗೆ ದಂಡ ಎಂದು ಕಾನೂನು ಹೇಳುತ್ತದೆ.

ಆದ್ದರಿಂದ ಮನೆಯ ರೂಟರ್ ಕೊಂಡೊಯ್ಯಬೇಡಿ, ಅಲ್ಲೇ ಕೊಳ್ಳಿ. ಯಾವ ಚಾನೆಲ್‌ನಲ್ಲಿ ಎಷ್ಟು ಶಕ್ತಿಯ ಅಲೆ ಬಿಡಬಹುದು ಎಂಬುದು ದೇಶದಿಂದ ದೇಶಕ್ಕೆ ಬೇರೆ. 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳನ್ನು ರಾಡಾರ್‌ಗಳೂ ಬಳಸುತ್ತವೆ. ರೂಟರ್ ಸೆಟ್ಟಿಂಗ್‌ನಲ್ಲಿ ದೇಶ ಕೇಳಿದರೆ ಜಪಾನ್ ಎಂದೇ ಆರಿಸಿ. ಲ್ಯಾಪ್‌ಟಾಪ್‌ಗೆ ಗಿಟೆಕಿ ಇಲ್ಲವೆಂದಾದರೆ ಅದರ ವೈಫೈ, ಬ್ಲೂಟೂತ್ ಎರಡನ್ನೂ ಆಫ್ ಮಾಡಿ ಲ್ಯಾನ್ ಕೇಬಲ್ ಹಾಕಿ, ಅಥವಾ ಗುರುತಿರುವ ಯುಎಸ್‌ಬಿ ವೈಫೈ ಅಡಾಪ್ಟರ್ ಅಲ್ಲೇ ತೆಗೆದುಕೊಳ್ಳಿ.