ಬಿಸಿಲೇರುವ ಮುನ್ನ ಲೆಕ್ಕ: ಕಾಡ್ಗಿಚ್ಚಿನಲ್ಲಿ ಹೆಲಿಕಾಪ್ಟರ್ ನಿಭಾಯಿಸಿದ ಅನುಭವ

ಕಾಡಿಗೆ ಬೆಂಕಿ ಬಿದ್ದರೆ ಎಲ್ಲರೂ ಮೊದಲು ಕೇಳುವುದು "ಹೆಲಿಕಾಪ್ಟರ್ ಯಾವಾಗ ಬರುತ್ತೆ?" ಅಂತ. ಅಮೆರಿಕದ ಕಾಡ್ಗಿಚ್ಚು ತಂಡಗಳಲ್ಲಿ ಹೆಲಿಬೇಸ್, ಅಂದರೆ ಹೆಲಿಕಾಪ್ಟರ್‌ಗಳು ಇಳಿದು ಏರುವ ನೆಲೆ, ನೋಡಿಕೊಳ್ಳುವುದು ನನ್ನ ಕೆಲಸ. ಯಾವ ಯಂತ್ರ, ಎಷ್ಟು ಭಾರದೊಂದಿಗೆ, ಎಲ್ಲಿಗೆ ಹೋಗಬೇಕು ಎನ್ನುವುದು ನಮ್ಮ ಕಡೆಯಿಂದ ತೀರ್ಮಾನ ಆಗುತ್ತದೆ. ಆದ್ದರಿಂದ ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಅಲ್ಲಿ ಎಷ್ಟು ಸೆಕೆ ಇದೆ, ಜಾಗ ಎಷ್ಟು ಎತ್ತರದಲ್ಲಿದೆ?

ಗಾಳಿ ಕಾದಷ್ಟೂ ತೆಳುವಾಗುತ್ತದೆ. ಬೆಟ್ಟ ಏರಿದಷ್ಟೂ ಇನ್ನೂ ತೆಳು. ತೆಳು ಗಾಳಿಯಲ್ಲಿ ರೋಟರ್‌ಗೆ ಹಿಡಿತ ಸಾಲುವುದಿಲ್ಲ, ಎಂಜಿನ್‌ನ ಬಲವೂ ಕುಗ್ಗುತ್ತದೆ. ಬೆಳಗ್ಗೆ ಆರಾಮಾಗಿ ಎತ್ತಿದ ಭಾರವನ್ನು ಅದೇ ಹೆಲಿಕಾಪ್ಟರ್ ಮಧ್ಯಾಹ್ನ ಎತ್ತಲಾರದು. ಬೆಂಕಿಯದು ಇದಕ್ಕೆ ತದ್ವಿರುದ್ಧ. ಬೆಳಗಿನ ತೇವಕ್ಕೆ ಅದು ತಣ್ಣಗೆ ಮಲಗಿರುತ್ತದೆ. ಬಿಸಿಲು ಏರಿ ಎಲೆ, ಹುಲ್ಲು ಒಣಗಿದ ಮೇಲೆ ಎದ್ದು ಓಡುತ್ತದೆ. ಅಂದರೆ ಜಾಸ್ತಿ ನೀರು ಬೇಕಾದ ಹೊತ್ತಿಗೇ ನಮ್ಮ ಕೈಲಿ ಕಡಿಮೆ ನೀರು. ನನ್ನ ದಿನದ ಯೋಜನೆಯೆಲ್ಲ ಈ ತೊಡಕಿನ ಸುತ್ತಲೇ ನಡೆಯುತ್ತದೆ.

ಹಾಗಂತ ಬೆಳಗ್ಗೆಯೇ ಎಲ್ಲ ಮುಗಿಸೋಣ ಅಂದರೂ ಆಗುವುದಿಲ್ಲ. ರಾತ್ರಿಯ ಹೊಗೆ ಕಣಿವೆಯಲ್ಲಿ ಕೂತುಬಿಟ್ಟರೆ ಅದು ಏಳುವ ತನಕ ಕಾಯಬೇಕು. ಆ ಹೊತ್ತನ್ನು ನಾನು ಸುಮ್ನೆ ಕಳೆಯುವುದಿಲ್ಲ, ಪೈಲಟ್ ಜೊತೆ ಕೂತು ಭಾರದ ಲೆಕ್ಕ ಮಾಡುತ್ತೇನೆ.

ಲೆಕ್ಕ ಹೇಗಿರುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಅಂಕಿ ತಿಳಿಯಲು ಮಾತ್ರ, ಯಂತ್ರ ಬದಲಾದರೆ ಅಂಕಿಯೂ ಬದಲು. ಇಂದಿನ ಸೆಕೆ ಮತ್ತು ಎತ್ತರಕ್ಕೆ ಒಟ್ಟು ತೂಕ 2,200 ಕಿಲೋ ತನಕ ಇದ್ದರೆ ಗಾಳಿಯಲ್ಲಿ ನಿಲ್ಲಬಹುದು ಎಂದು ಹೆಲಿಕಾಪ್ಟರಿನ ಸಾಮರ್ಥ್ಯದ ಚಾರ್ಟ್ ಹೇಳುತ್ತದೆ ಅಂದುಕೊಳ್ಳಿ. ಅದರಲ್ಲಿ ಸುರಕ್ಷತೆಗೆಂದು 60 ಕಿಲೋ ಮೊದಲೇ ಕಳೆಯುತ್ತೇವೆ. ಸಲಕರಣೆ ಸಮೇತ ಯಂತ್ರ 1,400, ಪೈಲಟ್ 85, ಇಂಧನ 250. ಉಳಿದದ್ದು 405. ಕೆಳಗೆ ತೂಗುಬಿಡುವ ನೀರಿನ ಬಕೆಟ್ಟು, ಅದರ ಹಗ್ಗ ಸೇರಿ 55 ಹೋದರೆ ನೀರಿಗೆ ಉಳಿಯುವುದು 350 ಕಿಲೋ, ಅಂದರೆ 350 ಲೀಟರ್. ಮಧ್ಯಾಹ್ನ ಚಾರ್ಟಿನ ಅಂಕಿ ನೂರು ಕಿಲೋ ಇಳಿದರೆ ಆ ನೂರೂ ನೀರಿನ ಪಾಲಿನಿಂದಲೇ ಹೋಗಬೇಕು. ಯಂತ್ರ ಹಗುರ ಆಗುವುದಿಲ್ಲ, ಪೈಲಟ್ಟೂ ಆಗುವುದಿಲ್ಲ. ಅದಕ್ಕೇ ಬಕೆಟ್ಟಿನ ಪಟ್ಟಿ ಬಿಗಿದು ಅದರ ಹೊಟ್ಟೆ ಚಿಕ್ಕದು ಮಾಡುತ್ತೇವೆ. ಇಂಧನವನ್ನೂ ತುಂಬ ತುಂಬಿಸುವುದಿಲ್ಲ. ಇಂಧನ ಖರ್ಚಾದಂತೆ ಅಷ್ಟು ನೀರು ಜಾಸ್ತಿ ಎತ್ತಬಹುದು, ಹಾಗಾಗಿ ಟ್ಯಾಂಕ್ ಖಾಲಿಯಾಗುತ್ತಾ ಬಂದಾಗಿನ ಸುತ್ತುಗಳೇ ಒಳ್ಳೆಯ ಸುತ್ತುಗಳು.

ನಮ್ಮ ನಿಯಮದ ಪ್ರಕಾರ ತಾಪಮಾನ 5 ಡಿಗ್ರಿ ಸೆಲ್ಸಿಯಸ್ ಬದಲಾದರೆ, ಇಲ್ಲವೇ ಎತ್ತರ 1,000 ಅಡಿ ಬದಲಾದರೆ ಹೊಸ ಲೆಕ್ಕ ಹಾಕಬೇಕು. ಥರ್ಮಾಮೀಟರ್ ನೋಡುವ ಕೆಲಸವನ್ನು ಒಬ್ಬರಿಗೆ ಹೆಸರು ಹಿಡಿದು ಒಪ್ಪಿಸುತ್ತೇನೆ. "ಯಾರಾದರೂ ನೋಡಿ" ಅಂದರೆ ಯಾರೂ ನೋಡುವುದಿಲ್ಲ.

ಈ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ಇದೆ. 2008ರ ಆಗಸ್ಟ್ 5ರಂದು ಕ್ಯಾಲಿಫೋರ್ನಿಯಾದ ಶಾಸ್ತಾ-ಟ್ರಿನಿಟಿ ಕಾಡಿನಲ್ಲಿ, ಬೆಂಕಿ ಸಾಲಿನಿಂದ, ಅಂದರೆ ಬೆಂಕಿ ತಡೆಯಲು ತಂಡ ಕೆಲಸ ಮಾಡುವ ಅಂಚಿನಿಂದ, ಸಿಬ್ಬಂದಿಯನ್ನು ವಾಪಸ್ ಕರೆತರುತ್ತಿದ್ದ ಸಿಕೋರ್ಸ್‌ಕಿ ಎಸ್-61 ಹೆಲಿಕಾಪ್ಟರ್ ಮೇಲೆದ್ದ ಕೂಡಲೇ ಬಿತ್ತು. ಅದರಲ್ಲಿದ್ದ 13 ಜನರಲ್ಲಿ 9 ಜನ ತೀರಿಕೊಂಡರು. ಯಂತ್ರದ ಖಾಲಿ ತೂಕವನ್ನು ಕಾಗದದಲ್ಲಿ ಕಡಿಮೆ ತೋರಿಸಿದ್ದು, ಎಂಜಿನ್ ಬಲದ ಚಾರ್ಟನ್ನು ತಿದ್ದಿದ್ದು ತನಿಖೆಯಲ್ಲಿ ಹೊರಬಂತು. ಮೇಲ್ವಿಚಾರಣೆಯೂ ಸಾಕಾಗಿರಲಿಲ್ಲ. ಅಲ್ಲಿ ಲೆಕ್ಕ ಹಾಕಿದವರು ಸರಿಯಾಗಿಯೇ ಹಾಕಿದ್ದರೂ ಆಧಾರದ ಅಂಕಿಯೇ ಸುಳ್ಳಾಗಿತ್ತು. ಹೊಸ ಯಂತ್ರ ಹೆಲಿಬೇಸ್‌ಗೆ ಬಂದರೆ ಅದರ ತೂಕದ ದಾಖಲೆ ಕೈಗೆ ಬರುವ ತನಕ ನಾನು ಜನರನ್ನು ಹತ್ತಿಸುವುದಿಲ್ಲ. ಹತ್ತುವವರನ್ನೂ ಚೀಲ, ಗುದ್ದಲಿ ಸಮೇತ ತೂಗುತ್ತೇನೆ. ಬಾಯಲ್ಲಿ ಹೇಳಿದ ತೂಕವನ್ನು ಬರೆದುಕೊಳ್ಳುವುದಿಲ್ಲ. ಕೆಲವರಿಗೆ ಕಿರಿಕಿರಿ ಆಗುತ್ತದೆ, ಆಗಲಿ.

ನೀರು ತುಂಬುವ ಜಾಗದ ಮಾತಿಗೆ ಬಂದರೆ, ಎಲ್ಲರ ಕಣ್ಣೂ ದೊಡ್ಡ ಕೆರೆಯ ಮೇಲೆ. ನನಗೆ ಮುಖ್ಯ ದೂರ. ಬೆಂಕಿಗೆ ಹತ್ತಿರ ಇರುವ ಪುಟ್ಟ ಹೊಂಡ, ದೂರದ ದೊಡ್ಡ ಜಲಾಶಯಕ್ಕಿಂತ ಮೇಲು. ಒಂದು ಸುತ್ತು ಹತ್ತು ನಿಮಿಷದ ಬದಲು ಐದೇ ನಿಮಿಷದಲ್ಲಿ ಮುಗಿದರೆ ಒಂದು ಗಂಟೆಗೆ ಎರಡು ಪಟ್ಟು ನೀರು ಬೀಳುತ್ತದೆ ಅಲ್ವಾ? ಆದರೆ ಬಕೆಟ್ ಮುಳುಗುವಷ್ಟು ಆಳ ಬೇಕು. ಭಾರ ಹೊತ್ತು ಮೇಲೇಳಲು ಗಾಳಿಗೆ ಎದುರಾಗಿ ತೆರೆದ ದಾರಿ ಬೇಕು. ಮತ್ತೆ ತಂತಿ. ಹೊಗೆಯಲ್ಲಿ ವಿದ್ಯುತ್ ತಂತಿ ಕಾಣುವುದೇ ಇಲ್ಲ. ಕಂಬ ಕಂಡರೆ ತಂತಿ ಇದೆ ಅಂತಲೇ ಇಟ್ಟುಕೊಳ್ಳಬೇಕು. ಮೊದಲ ಬಕೆಟ್ ಎತ್ತುವ ಮುಂಚೆ ಪೈಲಟ್ ಒಂದು ಸುತ್ತು ಮೇಲಿಂದ ನೋಡಿ ಬರಲಿ ಅಂತ ನಾನು ಕೇಳುತ್ತೇನೆ. ನೆಲದ ಮೇಲಿನ ನಕ್ಷೆಯಲ್ಲಿ ತಂತಿಗಳನ್ನು ಕೆಂಪು ಗೆರೆಯಲ್ಲಿ ಬರೆದು, ಅದೇ ಪ್ರತಿಯನ್ನು ಎಲ್ಲ ಪೈಲಟ್‌ಗಳಿಗೂ ಕೊಡುತ್ತೇನೆ.

ನೀರು ಬಿದ್ದಲ್ಲಿ ಬೆಂಕಿ ಆರಿತು ಅಂತ ದೂರದಿಂದ ನೋಡುವವರಿಗೆ ಅನ್ನಿಸುತ್ತದೆ. ಆರಿರುವುದಿಲ್ಲ, ಸ್ವಲ್ಪ ತಣ್ಣಗಾಗಿರುತ್ತದೆ. ಕೆಳಗಿರುವವರು ಗುದ್ದಲಿ ಹಿಡಿದು ಬುಡ ಕೆದಕದಿದ್ದರೆ ಸ್ವಲ್ಪ ಹೊತ್ತಿಗೆ ಮತ್ತೆ ಹೊಗೆ. ಆದ್ದರಿಂದ ಕೆಳಗೆ ತಂಡ ಇರುವ ಕಡೆಗೇ ನಾನು ಮೊದಲು ಬಕೆಟ್ ಕಳಿಸುತ್ತೇನೆ. ಯಾರೂ ಇಲ್ಲದ ಗುಡ್ಡದ ಮೇಲೆ ಸುರಿಯುವುದು, ಮನೆಗಳ ಕಡೆ ಓಡುವ ಬೆಂಕಿಯನ್ನು ತಡೆಯುವಂಥ ತುರ್ತು ಇಲ್ಲದಿದ್ದರೆ, ಬರೀ ಇಂಧನ ದಂಡ.

ಕೆಳಗಿನವರು ಗುರಿ ಹೇಳುವ ರೀತಿಯೂ ಮುಖ್ಯ. "ನನ್ನ ಎಡಗಡೆ" ಅಂದರೆ ಮೇಲಿನವರಿಗೆ ಏನೂ ತಿಳಿಯುವುದಿಲ್ಲ. ಪೈಲಟ್ ಕಣ್ಣಿನಿಂದ, ಅವರ ಮೂಗಿನ ನೇರ ಹನ್ನೆರಡು ಗಂಟೆ ಅಂತಿಟ್ಟುಕೊಂಡು ಗಡಿಯಾರದ ಲೆಕ್ಕದಲ್ಲಿ ದಿಕ್ಕು ಹೇಳಬೇಕು. ನನ್ನ ತಂಡದ ಹುಡುಗಿಯೊಬ್ಬಳು ಇದನ್ನು ಚೆನ್ನಾಗಿ ಮಾಡುತ್ತಾಳೆ. ಮೊದಲು ಕೈಗನ್ನಡಿಯಿಂದ ಬಿಸಿಲು ಹೊಳೆಯಿಸುತ್ತಾಳೆ. ಆಮೇಲೆ ರೇಡಿಯೊದಲ್ಲಿ: "ನಿಮ್ಮ ಎರಡು ಗಂಟೆ ದಿಕ್ಕಿಗೆ ಹೊಳೀತಿರೋದು ನಾನು. ಅಲ್ಲಿಂದ ಇಳಿಜಾರಿಗೆ ಒಂದು ಒಣ ಮರ. ಅದರ ಬುಡ." ಪೈಲಟ್ "ಮರ ಕಾಣ್ತು" ಅನ್ನುವ ತನಕ ಮುಂದಿನ ಮಾತಿಲ್ಲ. ನಂತರ ತಂಡ ಪಕ್ಕಕ್ಕೆ ಸರಿದು "ಸಾಲು ಖಾಲಿ" ಎಂದು ತಿಳಿಸುತ್ತದೆ. ಸಾವಿರ ಲೀಟರ್ ಅಂದರೆ ಒಂದು ಟನ್. ಒಣಮರದ ಕೊಂಬೆ ಮುರಿದು ಕೆಳಗಿದ್ದವರ ತಲೆ ಮೇಲೆ ಬೀಳಲು ಅಷ್ಟು ಸಾಕು. ರೋಟರ್ ಗಾಳಿಯ ಬಗ್ಗೆಯೂ ಹುಷಾರಾಗಿರಬೇಕು. ತೀರಾ ಕೆಳಗೆ ಬಂದರೆ ಅದೇ ಕಿಡಿ ಹಾರಿಸುತ್ತದೆ. ಉದ್ದ ಹಗ್ಗಕ್ಕೆ ಬಕೆಟ್ ಕಟ್ಟಿದರೆ ಆ ತೊಂದರೆ ಕಡಿಮೆ.

ಗಾಳಿಗೆ ಮಿತಿ ಇದೆ. ನೆಲದಿಂದ 500 ಅಡಿಗಿಂತ ಕೆಳಗೆ ಹಾರುವಾಗ ಸಣ್ಣ ಹೆಲಿಕಾಪ್ಟರಿಗೆ 30 ನಾಟ್ (ಗಂಟೆಗೆ ಸುಮಾರು 55 ಕಿ.ಮೀ.), ದೊಡ್ಡದಕ್ಕೆ 40. ಬೀಸುವ ಗಾಳಿಯ ಏರಿಳಿತ 15 ನಾಟ್ ದಾಟಿದರೆ ಎರಡೂ ಕೆಳಗಿಳಿಯಬೇಕು. ಬೆಂಕಿ ಕೈಮೀರುತ್ತಿರುವಾಗ ಈ ಮಾತು ಹೇಳುವುದು ಕಷ್ಟ. "ಇನ್ನೊಂದೇ ಬಕೆಟ್" ಅಂತ ಸಾಲಿನಿಂದ ಕೂಗು ಬರುತ್ತದೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಇಲ್ಲ ಅನ್ನುತ್ತೇನೆ, ಮತ್ತು ಹಾಗಂದಿದ್ದು ನಾನು, ಪೈಲಟ್ ಅಲ್ಲ ಅಂತ ಎಲ್ಲರಿಗೂ ಕೇಳುವ ಹಾಗೆ ರೇಡಿಯೊದಲ್ಲೇ ಹೇಳುತ್ತೇನೆ. ಪೈಲಟ್ ಮೇಲೆ ಒತ್ತಡ ಬೀಳಬಾರದು.

ಡ್ರೋನ್ ಕಾಣಿಸಿದರೂ ಹಾಗೆಯೇ. ವಿಡಿಯೊ ಆಸೆಗೆ ಯಾರೋ ಒಬ್ಬರು ಹಾರಿಸಿದರೆ ಆ ಜಾಗದ ಕೆಲಸವೆಲ್ಲ ನಿಲ್ಲುತ್ತದೆ, ಬೆಂಕಿ ಮಾತ್ರ ನಿಲ್ಲುವುದಿಲ್ಲ. ಇದನ್ನು ಓದುವವರಲ್ಲಿ ಡ್ರೋನ್ ಇಟ್ಟುಕೊಂಡವರಿದ್ದರೆ ದಯವಿಟ್ಟು ಹೊಗೆಯ ಕಡೆ ಒಯ್ಯಬೇಡಿ.

ಹಾರುವ ಯಂತ್ರದಿಂದ ಪ್ರತಿ 15 ನಿಮಿಷಕ್ಕೆ "ಎಲ್ಲಿದ್ದೇನೆ, ಸರಿ ಇದ್ದೇನೆ" ಎಂಬ ಕರೆ ಬರಬೇಕು. ಒಬ್ಬ ಪೈಲಟ್ ದಿನಕ್ಕೆ 8 ಗಂಟೆಗಿಂತ ಜಾಸ್ತಿ ಹಾರುವಂತಿಲ್ಲ. ಇವು ಬೋರ್ಡಿನ ಮೇಲೆ ಬರೆದಿರುತ್ತವೆ, ಜಾಸ್ತಿ ವಿವರಿಸುವಂಥದ್ದಿಲ್ಲ. ಬೋರ್ಡಿನ ಮೂಲೆಯಲ್ಲಿ ಇನ್ನೊಂದು ಸಾಲು ಇರುತ್ತದೆ: ಈಗ ಯಾರಿಗಾದರೂ ಪೆಟ್ಟಾದರೆ ಕರೆತರಲು ಹೋಗುವ ಯಂತ್ರ ಯಾವುದು, ಅದರಲ್ಲಿ ಎಷ್ಟು ಇಂಧನ ಇದೆ, ಎಷ್ಟು ಹೊತ್ತಿನ ತನಕ ಬೆಳಕಿದೆ. ಯಂತ್ರ ಬದಲಾದಾಗಲೆಲ್ಲ ಆ ಸಾಲನ್ನು ಅಳಿಸಿ ಹೊಸದಾಗಿ ಬರೆಯುತ್ತೇವೆ. ಕಣಿವೆಯಲ್ಲಿ ಕತ್ತಲು ಬೇಗ ಬರುವುದರಿಂದ ಪಂಚಾಂಗದ ಸೂರ್ಯಾಸ್ತವನ್ನು ನಂಬದೆ, ಹೆಲಿಕಾಪ್ಟರ್ ಇಳಿಯುವ ಪ್ಯಾಡನ್ನು ಬೆಟ್ಟದ ನೆರಳು ಮುಟ್ಟುವ ಹೊತ್ತನ್ನು ಮೊದಲ ದಿನವೇ ಗುರುತು ಮಾಡಿಟ್ಟುಕೊಳ್ಳುತ್ತೇನೆ. ಕೊನೆಯ ಸುತ್ತಿನ ಸಮಯ ಅದರಿಂದ ಹಿಂದಕ್ಕೆ ಎಣಿಸಿದ್ದು.