ಗೊಂಬೆಗೆ ಫೋನ್ ತಾಗಿಸಿದರೆ ಆರ್ಡರ್: ನನ್ನ ಅನುಭವ

"ಕ್ಯೂಆರ್ ಇದೆಯಲ್ಲ, ಎನ್‌ಎಫ್‌ಸಿ ಯಾಕೆ?" ಅಂಗಡಿಗಳಿಗೆ ಎನ್‌ಎಫ್‌ಸಿ ಟ್ಯಾಗ್, ಅಂದರೆ ಫೋನ್ ತಾಗಿಸಿದರೆ ಲಿಂಕ್ ತೆರೆಯುವ ಪುಟ್ಟ ಚಿಪ್, ಹಾಕಿಕೊಡುವ ನನಗೆ ಎಲ್ಲರದ್ದೂ ಇದೇ ಪ್ರಶ್ನೆ. ಕೇಳಿದವರದ್ದು ತಪ್ಪೂ ಅಲ್ಲ. ಹಿಂದೆ ಬ್ಲೂಟೂತ್ ಬೀಕನ್ (ಹತ್ತಿರ ಬಂದ ಫೋನಿಗೆ ಅಂಗಡಿಯ ಲಿಂಕ್ ಕಳಿಸುವ ಪುಟ್ಟ ಸಾಧನ) ಹಿಡಿದು ಅಂಗಡಿ ಅಂಗಡಿ ಅಲೆದವನು ನಾನೇ. 2018ರ ಕೊನೆಗೆ ಗೂಗಲ್ ಆಂಡ್ರಾಯ್ಡ್‌ನಲ್ಲಿ ಆ ಲಿಂಕ್ ತೋರಿಸುತ್ತಿದ್ದ ನಿಯರ್‌ಬೈ ನೋಟಿಫಿಕೇಶನ್ ನಿಲ್ಲಿಸಿತು. ಬೀಕನ್‌ಗೆ ಹಾಕಿದ ಮೂವತ್ತು ಸಾವಿರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಅದೇ ವರ್ಷ ಬಂದ ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್‌ಗಳು ಆ್ಯಪ್ ಇಲ್ಲದೆಯೇ ಟ್ಯಾಗ್ ಓದತೊಡಗಿದವು. ಎನ್‌ಎಫ್‌ಸಿ ಇರುವ ಆಂಡ್ರಾಯ್ಡ್‌ಗಳು ಅದಕ್ಕೂ ಮೊದಲೇ ಓದುತ್ತಿದ್ದವು. ಸರಿ, ಇನ್ನೊಂದು ಕೈ ನೋಡೋಣ ಅಂದುಕೊಂಡೆ.

ಮೊದಲು ಹಿಡಿದದ್ದು ದೋಸೆ ಹೋಟೆಲು. ಸ್ಟೀಲ್ ಕೌಂಟರ್ ಮೇಲೆ ಅಂಟಿಸಿದ ಟ್ಯಾಗ್ ಉಸಿರೇ ಎತ್ತಲಿಲ್ಲ. ಲೋಹದ ಕಾಟ ತಡೆಯುವ ಫೆರೈಟ್ ಪದರ ಇರುವ ಟ್ಯಾಗ್ ತರಿಸಿದೆ, ಬೆಲೆ ಸುಮಾರು ಮೂರು ಪಟ್ಟು. ಅದು ಓದಿತು, ಆದರೆ ತಾಗಿಸುವವರೇ ಇಲ್ಲ. ಹತ್ತು ಹನ್ನೆರಡು ಸಾವಿರದ ಫೋನುಗಳಲ್ಲಿ ಎನ್‌ಎಫ್‌ಸಿ ಇರುವುದೇ ಅಪರೂಪ ಅಲ್ವಾ? ಹಾಗಾದರೆ ದುಬಾರಿ ಫೋನಿನವರು ಬರುವ ಅಂಗಡಿಯನ್ನೇ ಹುಡುಕಬೇಕು. ಟ್ಯಾಗ್ ತಾಗಿಸುವ ಗಿರಾಕಿ ಅಂದರೆ ಕೈಯಲ್ಲಿ ಸ್ವಲ್ಪ ದುಡ್ಡಿರುವ ಗಿರಾಕಿ. ಇದು ಕ್ಯೂಆರ್‌ನಲ್ಲಿ ಸಿಗುವ ಮಾತಲ್ಲ.

ಹಾಗೆ ಹೋದದ್ದು ಚನ್ನಪಟ್ಟಣಕ್ಕೆ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಂದಮೇಲೆ ಕಾರುಗಳು ಊರಿನ ಹೊರಗಿನಿಂದಲೇ ಹೋಗುತ್ತವೆ. ಒಮ್ಮೆ ಬಂದ ಗಿರಾಕಿ ಮತ್ತೆ ಬರುವ ಖಾತ್ರಿ ಇಲ್ಲ. ಅವನ ಮನೆಯಿಂದಲೇ ಆರ್ಡರ್ ಬರಬೇಕು. ಹಾಲೆ ಮರದ ಗೊಂಬೆಯಲ್ಲಿ ಲೋಹದ ಕಾಟ ಇಲ್ಲ. ಅರಗಿನ ಬಣ್ಣವೆಲ್ಲ ಆದಮೇಲೆ ತಳದಲ್ಲಿ ಗುಂಡಿ ಕೊರೆದು, ಎನ್‌ಟ್ಯಾಗ್ 213 ಅನ್ನುವ 25 ಮಿ.ಮೀ. ಟ್ಯಾಗ್ ಕೂರಿಸಿ, ತೆಳು ಮರದ ಬಿಲ್ಲೆ ಮುಚ್ಚಿದೆವು. "ಗೊಂಬೆಗೆ ಇಂಜೆಕ್ಷನ್ನಾ ಸಾರ್?" ಅಂತ ಕೆಲಸದವರು ನಕ್ಕರು. ಯಾವ ಅಂಟು ಅಂತ ಮಾತ್ರ ಕೇಳಬೇಡಿ. ತಳದ ಸ್ಟಿಕರ್ ಮೇಲೆ ಬರೆದ ಸಾಲನ್ನೂ ಹೇಳುವುದಿಲ್ಲ, ಅರ್ಧ ವ್ಯಾಪಾರ ಅದರದ್ದೇ.

ಆರ್ಡರ್ ಕಳಿಸುವ ವಾಟ್ಸ್‌ಆ್ಯಪ್ ಲಿಂಕನ್ನು ಕನ್ನಡ ಸಂದೇಶದ ಸಮೇತ ಟ್ಯಾಗ್‌ಗೆ ನೇರ ಬರೆಯಲು ಹೋದರೆ ಕೆಟ್ಟಿರಿ. 213ರಲ್ಲಿ ಇರುವುದು 144 ಬೈಟ್ ಜಾಗ. ಲಿಂಕ್‌ನಲ್ಲಿ 'ಕ' ಒಂದಕ್ಕೇ ಒಂಬತ್ತು ಬೈಟ್ ಖರ್ಚು, ಒತ್ತಕ್ಷರ ಬಂದರೆ ಇನ್ನೂ ಜಾಸ್ತಿ. ಟ್ಯಾಗ್‌ನಲ್ಲಿ ನಮ್ಮದೇ ಡೊಮೇನಿನ ಪುಟ್ಟ ವಿಳಾಸ ಇಟ್ಟು, ಅಲ್ಲಿಂದ ವಾಟ್ಸ್‌ಆ್ಯಪ್‌ಗೆ ತಿರುಗಿಸಿ. ಲಾಕ್ ಮಾಡಿದ ಟ್ಯಾಗ್ ಮತ್ತೆ ಬಿಚ್ಚಲು ಬರುವುದಿಲ್ಲ, ಲಾಕ್ ಮಾಡದಿದ್ದರೆ ಯಾರು ಬೇಕಾದರೂ ತಿದ್ದಬಹುದು. ನಮ್ಮ ವಿಳಾಸದ ಈ ದಾರಿಯಲ್ಲಿ ಟ್ಯಾಗ್ ಲಾಕ್ ಮಾಡಿಯೂ ವಾಟ್ಸ್‌ಆ್ಯಪ್ ನಂಬರ್ ಬದಲಿಸಬಹುದು.

ನಡುವೆ ಸುಮ್ನೆ ಬುಗುರಿಗೂ ಹಾಕಿ ನೋಡಿದೆ. ಅದಕ್ಕೆ ಹಿಡಿಸುವ ಟ್ಯಾಗ್ ತೀರಾ ಚಿಕ್ಕದು, ಫೋನನ್ನು ಅತ್ತ ಇತ್ತ ಉಜ್ಜುತ್ತಾ ಹುಡುಕಬೇಕು. ಐಫೋನ್‌ನಲ್ಲಿ ಆಂಟೆನಾ ಮೇಲ್ತುದಿಯಲ್ಲಿ, ಆಂಡ್ರಾಯ್ಡ್‌ಗಳಲ್ಲಿ ಹೆಚ್ಚಾಗಿ ಬೆನ್ನಿನ ನಡುವೆ. ಬುಗುರಿ ಕೈಬಿಟ್ಟೆ.

ಲೆಕ್ಕ ಹೀಗಿದೆ. ಗೊಂಬೆಯೊಂದಕ್ಕೆ ಟ್ಯಾಗ್ ಹಾಕಲು ಕೂಲಿ ಸೇರಿ ಮೂವತ್ತು ರೂಪಾಯಿ ಆಸುಪಾಸು. ನಾನೂರು ಗೊಂಬೆ ಹೋದಮೇಲೆ ಇಪ್ಪತ್ತೈದರಷ್ಟು ಮರು ಆರ್ಡರ್ ಬಂದವು, ಹೆಚ್ಚಿನವು ಸಾವಿರದ ಮೇಲಿನವು. "ಆಟದ ಸಾಮಾನಿಗೆ ಚಿಪ್ಪಾ?" ಅಂದಿದ್ದ ಪಕ್ಕದ ಅಂಗಡಿಯವರು ಈಗ ರೇಟು ಕೇಳುತ್ತಿದ್ದಾರೆ.

ಮುಂದಿನದು ಎನ್‌ಟ್ಯಾಗ್ 424. ತಾಗಿಸಿದಾಗಲೆಲ್ಲ ಬೇರೆ ಕೋಡ್ ಕೊಡುತ್ತದೆ, ನಕಲಿ ಗೊಂಬೆ ಹಿಡಿಯಲು ಒಳ್ಳೆಯದು. ಆದರೆ ಬೆಲೆ ಜಾಸ್ತಿ. ಆ ಹೆಚ್ಚಿನ ದುಡ್ಡು ಯಾರು ಹಾಕುವುದು ಅಂತ ಅಂಗಡಿಯವರ ಜೊತೆ ಚೌಕಾಸಿ ನಡೆದಿದೆ.